ಇರುಳನ್ನಳೆಯುವ ಜೋಳ

ಎಳ್ಳಮಾವಾಸ್ಯೆಯ ಬೆಳಗಿನಲ್ಲಿ ಗದಗ-ಬೆಟಗೇರಿಯ ಓಣಿ ಓಣಿಗಳಲ್ಲಿಯೂ ಬುತ್ತಿ ಕಟ್ಟುವ ಸಂಭ್ರಮ. ಸಜ್ಜೆಯ ಕಡಕು ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆಗಳ ಗಂಟನ್ನು ಹೊತ್ತು, ಹೊಲವಿದ್ದವರು ತಮ್ಮ ಹೊಲಕ್ಕೂ ಇಲ್ಲದವರು ಬೀಗರ ಹೊಲಕ್ಕೂ ಹೊರಡುತ್ತಾರೆ. ಅಂಥದೊಂದು ಕುಟುಂಬವು ಮುಳಗುಂದವನ್ನು ದಾಟಿ ಲಕ್ಷ್ಮೇಶ್ವರದ ಹಾದಿಗೆ ಹತ್ತಿದ ಎರೆ ಹೊಲವೊಂದನ್ನು ಸೇರಿತು. ಆಳೆತ್ತರದ ಬಿಳಿಜೋಳದ ಪೈರು ತೆನೆದೂಗಿ ನಿಂತಿದ್ದಿತು. ಚರಗ ಚೆಲ್ಲಿದ್ದಾಯಿತು, ಊಟವೂ ಆಯಿತು. ಹೈಸ್ಕೂಲಿನಲ್ಲಿ ಓದುವ ಹುಡುಗನು ಹೊಲವನ್ನು ಸುತ್ತಾಡಿ ಬಂದು, ಬನ್ನಿಯ ಗಿಡದ ನೆರಳಿನಲ್ಲಿ ಕುಳಿತ ಮುದುಕನನ್ನು ಕೇಳಿದನು:

“ಅಜ್ಜಾ, ಹಾದಿ ಬಾಜೂಕ ಲೈಟಿನ ಕಂಬ ಐತೆಲ್ಲಾ, ಅದರ ಬುಡಕಿನ ಜ್ವಾಳ ಇನ್ನೂ ತೆನಿ ಹಾಕಿಲ್ಲಲ್ಲ? ಅದಕ್ಕ ಗೊಬ್ಬರ ಕಡಿಮಿ ಆಗೇತೇನು?”

“ಗೊಬ್ಬರ, ನೀರು, ಬಿಸಿಲು ಎಲ್ಲಾ ಒಂದ ಐತಿ ತಮ್ಮಾ,” ಎಂದನು ಮುದುಕ. “ಆದರ ಅದಕ್ಕ ರಾತ್ರಿ ಆಗೇ ಇಲ್ಲ ನೋಡು.”

ಸುತ್ತಲಿದ್ದವರು ನಕ್ಕರು. ಆದರೆ ಮುದುಕನು ಹೇಳಿದ್ದು ಚೇಷ್ಟೆಯ ಮಾತಲ್ಲ. ಹಿಂಗಾರಿಯ ಜೋಳವು ಇರುಳನ್ನು ಅಳೆದು ತೆನೆ ಹಾಕುವ ಪೈರು. ಇರುಳು ತಕ್ಕಷ್ಟು ದೀರ್ಘವಾಗಿದ್ದರೆ ಮಾತ್ರ ಅದರ ಸುಳಿಯಲ್ಲಿ ತೆನೆ ಮೂಡುವುದು. ಕಂಬದ ದೀಪದ ಬೆಳಕು ರಾತ್ರಿಯೆಲ್ಲ ಚೆನ್ನಾಗಿ ಬೀಳುವ ಕಡೆ ಇಂಥ ಪೈರುಗಳು ಇನ್ನೂ ಹಗಲೇ ಇದೆಯೆಂದು ಬಗೆದು ಎಲೆಯ ಮೇಲೆ ಎಲೆ ತಳೆಯುತ್ತ ನಿಲ್ಲುವುದುಂಟು. ಹೊಲದ ಉಳಿದ ಭಾಗವು ಸೀತನಿಗೆ ಬಂದಾಗಲೂ ಅವು ಹಸುರಾಗಿಯೇ ಇರುತ್ತವೆ.

ಹಾಗಾದರೆ ಮಳೆಯನ್ನು ಬಿಟ್ಟು ಇರುಳನ್ನು ಅಳೆಯುವ ಬುದ್ಧಿ ಜೋಳಕ್ಕೆ ಏಕೆ ಬಂದಿತು? ಗದಗ ಸೀಮೆಯ ರೈತನಿಗೆ ಮಳೆಯ ನಂಬಿಕೆಯಿಲ್ಲ. ಉತ್ತರಿಯ ಮಳೆ ಒಂದು ವರ್ಷ ಕೈಕೊಡುತ್ತದೆ, ಹಸ್ತ ಚಿತ್ತಿಗಳು ಮತ್ತೊಂದು ವರ್ಷ ಮೋಡ ತೋರಿಸಿ ಹೋಗುತ್ತವೆ. ಆದರೆ ಇರುಳಿನ ಲೆಕ್ಕ ತಪ್ಪುವುದಿಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15.4 ಡಿಗ್ರಿ ದೂರದಲ್ಲಿರುವ ಗದಗದಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಸುಮಾರು 13 ತಾಸು. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ತಾಸು 15 ನಿಮಿಷ. ಆರು ತಿಂಗಳಲ್ಲಿ ಆಗುವ ವ್ಯತ್ಯಾಸ ಎರಡು ತಾಸಿಗೂ ಕಡಿಮೆ. ದಿನವೊಂದಕ್ಕೆ ಒಂದು ನಿಮಿಷವೂ ಇಲ್ಲ. ಮನುಷ್ಯನು ಗಡಿಯಾರವಿಲ್ಲದೆ ಗುರುತಿಸಲಾರದ ಈ ಸೂಕ್ಷ್ಮವಾದ ಅಂತರವನ್ನು ಜೋಳದ ಎಲೆಯು ಗುರುತಿಸುತ್ತದೆ. ಮಳೆಗಾಲ ಮುಗಿಯಿತು, ಎರೆಯೊಳಗೆ ಹಿಡಿದಿಟ್ಟ ತೇವವೇ ಇನ್ನು ಗತಿ, ಅದು ಆರುವುದರೊಳಗೆ ಕಾಳು ಕಟ್ಟಬೇಕು ಎಂಬ ತಿಳಿವಳಿಕೆಯನ್ನು ಅದಕ್ಕೆ ಇರುಳೇ ತಂದುಕೊಡುತ್ತದೆ.

ಈ ತಿಳಿವಳಿಕೆಯಿರುವುದು ಎಲ್ಲಿ? ಅದನ್ನು ಅರಿಯಲು ಗದುಗಿನ ಒಂದು ಸಂಪ್ರದಾಯವೇ ಸಾಕು. ವೀರನಾರಾಯಣನ ಸನ್ನಿಧಿಯ ಕವಿ ಕುಮಾರವ್ಯಾಸನ ಭಾರತದಲ್ಲಿ 10 ಪರ್ವಗಳಿವೆ. ಪುಸ್ತಕ ಒಂದೇ. ಆದರೆ ಮಳೆ ಬಾರದ ವರ್ಷ ಜನ ಸೇರಿ ಓದಿಸುವುದು ವಿರಾಟಪರ್ವವನ್ನು. ಉಳಿದ ಪರ್ವಗಳು ಆಗ ಪುಸ್ತಕದಲ್ಲಿ ಇಲ್ಲವೆಂದಲ್ಲ. ಅವುಗಳ ಸಮಯ ಬಂದಿಲ್ಲ, ಅಷ್ಟೆ. ಜೀವಕೋಶದ ಸಂಗತಿಯೂ ಹೀಗೆಯೆ. ಬೇರಿನ ಕೋಶ, ಎಲೆಯ ಕೋಶ, ಸುಳಿಯ ಕೋಶ ಎಲ್ಲವುಗಳೊಳಗೂ ಅದೇ ಹೊತ್ತಗೆಯಿದೆ. ಅದರ ಒಂದೊಂದು ಅಧ್ಯಾಯವೂ ಒಂದೊಂದು ವಂಶವಾಹಿ. ಯಾವ ಅಧ್ಯಾಯವನ್ನು ಯಾವಾಗ ತೆರೆದು ಓದಬೇಕೆಂಬುದರಲ್ಲಿಯೇ ಬೇರು ಬೇರಾಗಿ, ತೆನೆ ತೆನೆಯಾಗಿ ರೂಪುಗೊಳ್ಳುವ ಗುಟ್ಟು ಅಡಗಿದೆ. ಈ ತೆರೆಯುವಿಕೆಯನ್ನು ವಂಶವಾಹಿಯ ಅಭಿವ್ಯಕ್ತಿ ಎಂದು ಕರೆಯುತ್ತಾರೆ. ಹೊತ್ತಗೆಯನ್ನು ತಿದ್ದದೆ, ಅಧ್ಯಾಯವನ್ನು ತೆರೆಯುವ ಕೀಲಿಕೈಯೊಂದನ್ನೇ ಹಿಡಿದು ಜೀವದ ನಡೆಯನ್ನು ಬದಲಿಸಬಹುದು ಎಂಬುದು ಕಳೆದೊಂದು ಶತಮಾನದ ವಿಜ್ಞಾನವು ಕಂಡುಕೊಂಡ ಮಾತು.

ಕಂಡುಕೊಂಡ ಬಗೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳಿಗೆ ಒಂದು ಜಾತಿಯ ಹೊಗೆಸೊಪ್ಪು ತಲೆನೋವಾಗಿದ್ದಿತು. ಬೇಸಗೆಯಲ್ಲಿ ಅದು ಎತ್ತರವಾಗಿ ಬೆಳೆಯುವುದೇ ಹೊರತು ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಚಿಕ್ಕ ಗಿಡವೂ ಹೂ ಬಿಡುತ್ತಿದ್ದಿತು. ಶಾಖ, ನೀರು, ಮಣ್ಣು ಎಲ್ಲವನ್ನೂ ಪರೀಕ್ಷಿಸಿ ಸೋತ ಮೇಲೆ ಅವರು ಬೇಸಗೆಯ ಗಿಡಗಳನ್ನು ಹಗಲು ಇರುವಾಗಲೇ ಕತ್ತಲೆಯ ಕೋಣೆಗೆ ಸೇರಿಸಿ ಹಗಲನ್ನು ಕುಗ್ಗಿಸಿದರು. ಗಿಡಗಳು ಹೂ ಬಿಟ್ಟವು. 1920ರಲ್ಲಿ ಈ ಸಂಗತಿ ಪ್ರಕಟವಾಯಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ದೀರ್ಘವಾದ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ತೋರಿದರೂ ಸಾಕು, ಹೂ ಬಿಡಬೇಕಾದ ಗಿಡ ಬಿಡದೆ ಉಳಿಯುತ್ತಿದ್ದಿತು. ಗಿಡವು ಅಳೆಯುವುದು ಹಗಲನ್ನಲ್ಲ, ಮುರಿಯದ ಇರುಳನ್ನು ಎಂಬುದು ಆಗ ತಿಳಿದುಬಂದಿತು.

ಇರುಳನ್ನು ಅಳೆಯಬೇಕಾದರೆ ಬೆಳಕನ್ನು ಕಾಣುವ ಕಣ್ಣು ಬೇಕಷ್ಟೆ? ಆ ಕಣ್ಣಿನ ಸುಳಿವು ದೊರೆತದ್ದು 1952ರಲ್ಲಿ, ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ಲಿನ ಪ್ರಯೋಗಾಲಯದಲ್ಲಿ. ಕೆಂಪು ಬೆಳಕನ್ನು ತೋರಿದರೆ ಲೆಟ್ಯೂಸ್ ಸೊಪ್ಪಿನ ಬೀಜ ಮೊಳೆಯಿತು. ಅದರ ಬೆನ್ನಿಗೇ, ಕಣ್ಣಿಗೆ ಕಂಡೂ ಕಾಣದಂಥ ಕಡುಗೆಂಪು ಬೆಳಕನ್ನು ತೋರಿದರೆ ಮೊಳೆಯಲಿಲ್ಲ. ಎಷ್ಟು ಸಲ ಹಿಂದುಮುಂದಾಗಿ ತೋರಿದರೂ ಕಡೆಗೆ ತೋರಿದ ಬೆಳಕಿನ ಮಾತೇ ನಡೆಯಿತು. ಎಲೆಯೊಳಗಿನ ಈ ಬೆಳಕುಗಣ್ಣಿಗೆ ಫೈಟೋಕ್ರೋಮ್ ಎಂದು ಹೆಸರಾಯಿತು. ಕೆಂಪು ಬೆಳಕು ಬಿದ್ದಾಗ ಅದು ರೂಪ ಬದಲಿಸಿ ಕೋಶಕೇಂದ್ರವನ್ನು ಹೊಗುತ್ತದೆ; ಅಲ್ಲಿ ವಂಶವಾಹಿಗಳ ಬಾಗಿಲಿನಲ್ಲಿ ಕುಳಿತ ಕಾವಲಿನ ಪ್ರೋಟೀನುಗಳನ್ನು ಸರಿಸಿ, ಕೆಲವು ಅಧ್ಯಾಯಗಳನ್ನು ತೆರೆಯಿಸುತ್ತದೆ, ಕೆಲವನ್ನು ಮುಚ್ಚಿಸುತ್ತದೆ.

ಜೋಳದಲ್ಲಿ ಈ ಕೀಲಿ ಯಾವುದು ಎಂಬುದೂ ಈಗ ಗೊತ್ತಾಗಿದೆ. ಜೋಳದ ಮಾಗುವಿಕೆಯನ್ನು ಆಳುವ ವಂಶವಾಹಿಗಳಲ್ಲಿ ಮುಖ್ಯವಾದದ್ದು ಎಂಎ-1 ಎಂಬುದು. ಅದರ ನಿಜಸ್ವರೂಪವು 2011ರಲ್ಲಿ ಬೆಳಕಿಗೆ ಬಂದಿತು. ಸಂಜೆಯ ಹೊತ್ತು ಮೀರಿಯೂ ಎಲೆಯ ಮೇಲೆ ಬೆಳಕು ಬೀಳುತ್ತಿದ್ದರೆ ಈ ವಂಶವಾಹಿ ಚುರುಕಾಗಿಯೇ ಇದ್ದು, ತೆನೆಗೆ ಕರೆಕೊಡುವ ವಂಶವಾಹಿಯನ್ನು ಅದುಮಿ ಹಿಡಿಯುತ್ತದೆ. ಸಂಜೆ ಬೇಗನೆ ಕತ್ತಲಾಗತೊಡಗಿದಾಗ ಅದರ ಬಿಗಿ ಸಡಿಲುತ್ತದೆ. ಆಗ ಎಲೆಯಲ್ಲಿ ಸಿದ್ಧವಾದ ಒಂದು ಪ್ರೋಟೀನು ದೂತನಂತೆ ಸುಳಿಗೆ ಹೋಗಿ, ಎಲೆ ಸಾಕು, ಇನ್ನು ತೆನೆಯಾಗಲಿ ಎಂಬ ಸುದ್ದಿಯನ್ನು ಮುಟ್ಟಿಸುತ್ತದೆ. ಕಂಬದ ಬುಡದ ಜೋಳಕ್ಕೆ ಈ ಸುದ್ದಿ ಮುಟ್ಟುವುದು ತಡವಾಗುತ್ತದೆ. ಇದಕ್ಕೆ ಪ್ರತಿಯಾಗಿ, ಮಳೆ ತಡವಾಗಿ ಬಿತ್ತನೆ ಹಿಂದೆ ಬಿದ್ದ ವರ್ಷ, ಇರುಳು ಆಗಲೇ ದೀರ್ಘವಾಗಿರುವುದರಿಂದ ಪೈರು ಎತ್ತರವಾಗುವ ಮೊದಲೇ ತೆನೆಗೆ ತಿರುಗುತ್ತದೆ. ದನಗಳಿಗೆ ಕಣಿಕೆ ಕಡಿಮೆ ಬೀಳುತ್ತದೆ.

ಇಂಥ ಕೀಲಿಯು ರೈತನ ಕೈ ಕಟ್ಟುತ್ತದೆಯಲ್ಲವೆ? ಯಾವಾಗ ಬಿತ್ತಿದರೂ ಬೇಗ ಬರುವ ಜೋಳವಿದ್ದರೆ ಒಳ್ಳೆಯದಲ್ಲವೆ? ಹಾಗೆ ಯೋಚಿಸಿದವರು ಇದ್ದರು. ಅಮೆರಿಕದ ಟೆಕ್ಸಸಿನಲ್ಲಿ 1963ರಲ್ಲಿ ಆರಂಭವಾದ ಯೋಜನೆಯೊಂದು ಉಷ್ಣದೇಶಗಳ ಜೋಳದ ತಳಿಗಳನ್ನು, ಹಗಲಿನ ಉದ್ದವನ್ನು ಲೆಕ್ಕಿಸದೆ ತೆನೆ ಹಾಕುವ ಗಿಡ್ಡ ತಳಿಗಳನ್ನಾಗಿ ಮಾರ್ಪಡಿಸಿತು. ಭಾರತದಲ್ಲಿ 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಹೈಬ್ರಿಡ್ ಜೋಳ ಬಂದಿತು. ಅದರ ತಾಯಿತಳಿ ಅಮೆರಿಕದ್ದು. ಸುಮಾರು 100 ದಿನಗಳಲ್ಲಿ ಫಲ ಕೊಡುವ ಈ ಜೋಳವು ಅನ್ನದ ಕೊರತೆಯ ಆ ಕಾಲದಲ್ಲಿ ಅನೇಕ ಮನೆಗಳ ಒಲೆಯನ್ನು ಉರಿಸಿದ್ದು ಸುಳ್ಳಲ್ಲ. ಆದರೆ ಮುಂಗಾರಿಯಲ್ಲಿ ಬಿತ್ತಿದ ಇಂಥ ಬೇಗದ ತಳಿಗಳು ಮಳೆ ಇನ್ನೂ ಹನಿಯುತ್ತಿರುವಾಗಲೇ ಮಾಗಿದವು. ತೊಯ್ದ ತೆನೆಗೆ ಬೂಷ್ಟು ಹಿಡಿಯಿತು, ಕಾಳು ಕಪ್ಪಿಟ್ಟಿತು. ಹೈಬ್ರಿಡ್ ಜೋಳದ ರೊಟ್ಟಿಯೆಂದರೆ ಮೂಗು ಮುರಿಯುವ ಹಿರಿಯರು ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇದ್ದಾರೆ. ಮಳೆ ಮುಗಿದ ಮೇಲೆಯೇ ಕಾಳಾಗಬೇಕೆಂದು ಹಳೆಯ ತಳಿಗಳು ಕೀಲಿ ಹಾಕಿಕೊಂಡಿದ್ದುದು ಸುಮ್ಮನೆ ಅಲ್ಲವೆಂಬುದು ಆ ಕೀಲಿಯನ್ನು ಮುರಿದ ಬಳಿಕ ಮನವರಿಕೆಯಾಯಿತು. ಸೊಲ್ಲಾಪುರದ ಕಡೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಮಾಲದಂಡಿ, ಅಂದರೆ ಎಂ 35-1, ಹಿಂಗಾರಿಯ ಹೊಲಗಳಿಂದ ಇನ್ನೂ ಕಾಲು ಕಿತ್ತಿಲ್ಲ. ಅದರ ಮುತ್ತಿನಂಥ ಬಿಳಿ ಕಾಳಿಗೆ ಒಣ ಹವೆಯಲ್ಲಿ ಮಾಗುವ ಅದರ ಕಾಲಜ್ಞಾನವೂ ಒಂದು ಕಾರಣ.

ಉಳ್ಳಾಗಡ್ಡಿಯ ಲೆಕ್ಕ ಜೋಳಕ್ಕೆ ತಿರುವುಮುರುವು. ಗಡ್ಡೆ ಕಟ್ಟಬೇಕಾದರೆ ಅದಕ್ಕೆ ಬೇಕಾದದ್ದು ದೀರ್ಘವಾದ ಹಗಲು. ಗದಗ ಸೀಮೆಯಲ್ಲಿ ಬೆಳೆಯುವ ತಳಿಗಳಿಗೆ 11-12 ತಾಸಿನ ಹಗಲೇ ದೀರ್ಘವೆನಿಸುತ್ತದೆ. ಉತ್ತರ ಯುರೋಪಿನ ತಳಿಗಳಿಗಾದರೋ 14 ತಾಸಿಗೂ ಮಿಕ್ಕ ಹಗಲು ಬೇಕು. ಅಂಥ ಬೀಜವನ್ನು ತಂದು ಮುಂಡರಗಿಯಲ್ಲಿಯೋ ಶಿರಹಟ್ಟಿಯಲ್ಲಿಯೋ ಬಿತ್ತಿದರೆ, 13 ತಾಸನ್ನು ದಾಟದ ಇಲ್ಲಿಯ ಹಗಲಿನಲ್ಲಿ ಅದು ಸೊಪ್ಪನ್ನು ಬೆಳೆಯಬಲ್ಲುದೇ ಹೊರತು ಗಡ್ಡೆಯನ್ನು ಕಟ್ಟಲಾರದು. 2013ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿಗಳು ಇದರ ಒಳಗುಟ್ಟನ್ನು ಬಿಡಿಸಿದರು. ಉಳ್ಳಾಗಡ್ಡಿಯಲ್ಲಿ ಗಡ್ಡೆಯನ್ನು ಕಟ್ಟಿಸುವ ಒಂದು ವಂಶವಾಹಿಯೂ ಅದನ್ನು ತಡೆಯುವ ಇನ್ನೊಂದು ವಂಶವಾಹಿಯೂ ಇವೆ. ಹಗಲು ಬೆಳೆದಂತೆ ತಡೆಯುವುದು ಸುಮ್ಮನಾಗಿ ಕಟ್ಟಿಸುವುದು ಎಚ್ಚರಗೊಳ್ಳುತ್ತದೆ. ಬೀಜದ ಚೀಲದ ಮೇಲಿನ ಬಣ್ಣದ ಚಿತ್ರವನ್ನು ನಂಬಿ ದೂರದೇಶದ ಬೀಜವನ್ನು ಕೊಳ್ಳುವವನು, ಅದರ ಕೀಲಿ ಈ ನೆಲದ ಹಗಲಿಗೆ ತಿರುಗುವುದೇ ಎಂದು ಮೊದಲು ಕೇಳಬೇಕಾದದ್ದು ಇದಕ್ಕಾಗಿ.

ಕೀಲಿಯನ್ನು ಮುರಿಯದೆ ಅದನ್ನು ಜಾಣತನದಿಂದ ತಿರುಗಿಸುವ ದಾರಿಯೂ ಇದೆ. ಸೇವಂತಿಗೆಯೂ ಜೋಳದ ಹಾಗೆ ದೀರ್ಘವಾದ ಇರುಳನ್ನು ಕಾಯುವ ಗಿಡ. ತಾನಾಗಿ ಬಿಟ್ಟರೆ ಅದು ಮಳೆಗಾಲ ಕಳೆದ ಮೇಲೆ, ಚಳಿಯ ಹೊತ್ತಿಗೆ ಒಮ್ಮೆಲೆ ಹೂವಾಗುತ್ತದೆ. ಸಂತೆಯ ತುಂಬ ಹೂವೇ ಹೂವಾಗಿ ಬೆಲೆ ಕುಸಿಯುತ್ತದೆ. ಮುತ್ತೈದೆಯರ ಮುಡಿಗೂ ದೇವರ ಅಡಿಗೂ ಅದು ಬೇಕಾಗುವುದು ಮಾತ್ರ ವರ್ಷವೆಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ಮೇಲೆ ವಿದ್ಯುದ್ದೀಪಗಳ ಸಾಲು ಬೆಳಗುವುದನ್ನು ಕಂಡಿರಬಹುದು. ಅದು ಯಾವ ಜಾತ್ರೆಯ ಅಲಂಕಾರವೂ ಅಲ್ಲ. ಎಳೆಯ ಸೇವಂತಿಗೆಗೆ ಕೆಲವು ವಾರ ಇರುಳಿನಲ್ಲಿ ದೀಪ ತೋರಿ, ಅದು ಬೇಗನೆ ಮೊಗ್ಗಾಗದಂತೆ ತಡೆದು, ದಂಟು ಎತ್ತರವಾಗಿ ಕವಲೊಡೆದ ಮೇಲೆ ದೀಪವನ್ನು ಆರಿಸುವ ಉಪಾಯ ಅದು. ದೀಪ ಆರಿದ ಬಳಿಕ ಗಿಡಕ್ಕೆ ಇರುಳು ದೊರೆಯುತ್ತದೆ, ಮೊಗ್ಗು ಮೂಡುತ್ತದೆ. ಹೂವು ಹಬ್ಬದ ಅಥವಾ ಮದುವೆಯ ಕಾಲಕ್ಕೆ ಸರಿಯಾಗಿ ಸಂತೆಗೆ ಬರುತ್ತದೆ. ಇರುಳಿನ ನಡುವೆ ಬೆಳಕು ಬಿದ್ದಾಗ ಹೂವನ್ನು ತಡೆಯುವ ಒಂದು ವಂಶವಾಹಿ ಎಲೆಯಲ್ಲಿ ತೆರೆದುಕೊಳ್ಳುವುದನ್ನು ಜಪಾನಿನ ವಿಜ್ಞಾನಿಗಳು 2013ರಲ್ಲಿ ಕಾಡುಸೇವಂತಿಗೆಯಲ್ಲಿ ಪತ್ತೆಹಚ್ಚಿದರು. ಹೂವಿನ ಬೆಳೆಗಾರನು ಸ್ವಿಚ್ಚನ್ನು ಒತ್ತಿದಾಗ ಹೊಲದ ದೀಪದೊಂದಿಗೆ ಗಿಡದ ಕೋಶಕೋಶದಲ್ಲಿಯೂ ಒಂದು ಅಧ್ಯಾಯ ತೆರೆಯುತ್ತದೆ.

ಬೆಳಕಿನಿಂದ ತಿರುಗುವ ಕೀಲಿಗಳಂತೆ ರಾಸಾಯನಿಕಗಳಿಂದ ತಿರುಗುವ ಕೀಲಿಗಳೂ ಇವೆ. ಹಳೆಯ ಕಾಲದ ಗೃಹಿಣಿಯು ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುವಾಗ ಒಂದೆರಡು ಹಣ್ಣುಗಳನ್ನೂ ನಡುವೆ ಸೇರಿಸುತ್ತಿದ್ದಳು. ಮಾಗಿದ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ. ಕಾಯಿಯ ಕೋಶಗಳನ್ನು ಅದು ಹೊಕ್ಕಾಗ ಮಾಗುವಿಕೆಗೆ ಹಾಕಿದ ತಡೆ ತೆಗೆಯುತ್ತದೆ. ಹಿಟ್ಟನ್ನು ಸಕ್ಕರೆ ಮಾಡುವ, ತಿರುಳನ್ನು ಮೆತ್ತಗಾಗಿಸುವ, ಹಸುರನ್ನು ಅಳಿಸುವ ವಂಶವಾಹಿಗಳು ಒಂದಾದ ಮೇಲೊಂದು ಕೆಲಸಕ್ಕೆ ತೊಡಗುತ್ತವೆ. ಬಾಳೆಯ ವ್ಯಾಪಾರಿಗಳು ಅಳತೆಯ ಎಥಿಲೀನನ್ನು ಮುಚ್ಚಿದ ಕೋಣೆಗಳಲ್ಲಿ ಬಳಸುವುದಕ್ಕೆ ಕಾನೂನಿನ ಒಪ್ಪಿಗೆಯಿದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ಒಪ್ಪಿಗೆಯಿಲ್ಲ. ಕಾರ್ಬೈಡಿನಿಂದ ಹೊರಡುವ ಅಸಿಟಿಲೀನ್ ಅನಿಲವು ಎಥಿಲೀನಿನ ವೇಷ ಹಾಕಿ ಅದೇ ಕೀಲಿಯನ್ನು ತಿರುಗಿಸುತ್ತದೆ. ಆದರೆ ಅದರೊಡನೆ ಆರ್ಸೆನಿಕ್ ಮತ್ತು ರಂಜಕಗಳ ವಿಷದ ಅಂಶವೂ ಬರುತ್ತದೆ. ಕಾಯಿಗೆ ಇವೆರಡರ ಭೇದ ತಿಳಿಯದು. ತಿನ್ನುವ ಮಗುವಿನ ಹೊಟ್ಟೆಗೆ ತಿಳಿಯುತ್ತದೆ.

ಇದೇ ರಾಸಾಯನಿಕದ ಕೀಲಿ ಜೀವವನ್ನು ಉಳಿಸುವ ಕೆಲಸವನ್ನೂ ಮಾಡುತ್ತಿದೆ. ಹಾಲಿನ ಸಕ್ಕರೆ ದೊರೆತಾಗ ಮಾತ್ರ ಅದನ್ನು ಜೀರ್ಣಿಸುವ ವಂಶವಾಹಿಗಳನ್ನು ತೆರೆಯುವ ಬ್ಯಾಕ್ಟೀರಿಯದ ಜಾಣತನವನ್ನು ಫ್ರಾನ್ಸಿನ ಜಾಕೊಬ್ ಮತ್ತು ಮೊನೊ 1961ರಲ್ಲಿ ವಿವರಿಸಿದರು. 1965ರಲ್ಲಿ ನೊಬೆಲ್ ಪಾರಿತೋಷಕವನ್ನು ಲ್ವಾಫ್ ಅವರೊಡನೆ ಹಂಚಿಕೊಂಡರು. ಪಿಚಿಯಾ ಎಂಬ ಒಂದು ಯೀಸ್ಟಿನಲ್ಲಿ, ಮೆಥನಾಲ್ ಸಿಕ್ಕಾಗ ಮಾತ್ರ ಬಲವಾಗಿ ತೆರೆದುಕೊಳ್ಳುವ ಕೀಲಿಯೊಂದಿದೆ. ಆ ಕೀಲಿಯ ಮುಂದೆ ಬೇಕಾದ ವಂಶವಾಹಿಯನ್ನು ಜೋಡಿಸಿ, ಯೀಸ್ಟು ಚೆನ್ನಾಗಿ ಬೆಳೆದ ಮೇಲೆ ಮೆಥನಾಲನ್ನು ಕೊಟ್ಟರೆ ಬೇಕಾದ ಪ್ರೋಟೀನು ಹೇರಳವಾಗಿ ಸಿದ್ಧವಾಗುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಪಿಚಿಯಾದ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಸಕ್ಕರೆ ಕಾಯಿಲೆಯವರು ಇಲ್ಲದ ಮನೆಗಳು ಅಪರೂಪವಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಬೆಳಕಿನ ಕೀಲಿಯೂ ಈಗ ಹೊಲದಿಂದ ಪ್ರಯೋಗಾಲಯಕ್ಕೆ ಬಂದಿದೆ. 2002ರಲ್ಲಿ ಅಮೆರಿಕದ ವಿಜ್ಞಾನಿಗಳು ಗಿಡದ ಫೈಟೋಕ್ರೋಮನ್ನು ಯೀಸ್ಟಿನ ಕೋಶದೊಳಗೆ ಇಟ್ಟು ನೋಡಿದರು. ಕ್ಷಣಕಾಲದ ಕೆಂಪು ಬೆಳಕಿಗೆ ಅವರು ಆರಿಸಿದ ವಂಶವಾಹಿ ತೆರೆಯಿತು, ಕಡುಗೆಂಪು ಬೆಳಕಿಗೆ ಮುಚ್ಚಿತು. ಕಣ್ಣಿಲ್ಲದ ಯೀಸ್ಟಿಗೆ ಜೋಳದಂಥ ಗಿಡಗಳ ಕಣ್ಣು ಬಂದಂತಾಯಿತು. ರಾಸಾಯನಿಕವನ್ನು ಒಮ್ಮೆ ಸುರಿದರೆ ಹಿಂದೆ ತೆಗೆಯುವುದು ಕಷ್ಟ. ಬೆಳಕನ್ನು ಬೇಕಾದಾಗ ಬೇಕಾದೆಡೆ ಬೀರಬಹುದು, ಬೇಡವಾದಾಗ ಆರಿಸಬಹುದು. ಮುಂದೊಂದು ದಿನ ದೇಹದ ರೋಗವಿರುವ ಭಾಗದಲ್ಲಷ್ಟೇ ಔಷಧ ಹುಟ್ಟುವಂತೆ ಮಾಡುವ ಹಂಬಲದಿಂದ ಅನೇಕ ವಿಜ್ಞಾನಿಗಳು ಈ ದಾರಿಯಲ್ಲಿ ದುಡಿಯುತ್ತಿದ್ದಾರೆ.

ಆದರೆ ಕೀಲಿ ಹಾಕಿದ್ದು ಏಕೆಂಬುದನ್ನು ತಿಳಿಯದೆ ಅದನ್ನು ತೆರೆದರೆ ಏನಾಗುವುದೆಂಬುದನ್ನು ಬೂಷ್ಟು ಹಿಡಿದ ತೆನೆಯೂ ಕಾರ್ಬೈಡಿನ ಹಣ್ಣೂ ಆಗಲೇ ತೋರಿಸಿವೆ. ಗಿಡಕ್ಕೆ ಸೂರ್ಯನಿಗೂ ದೀಪಕ್ಕೂ ಭೇದವಿಲ್ಲ. ಕೋಶವು ಬಂದ ಕೈ ಯಾರದೆಂದು ಕೇಳುವುದಿಲ್ಲ, ಕೀಲಿ ತಿರುಗಿದರೆ ಬಾಗಿಲು ತೆರೆಯುತ್ತದೆ. ಕೇಳಬೇಕಾದವನು ತಿರುಗಿಸುವ ಮನುಷ್ಯನು.

ಹೊತ್ತು ಇಳಿಯುತ್ತ ಬಂದಿತು. ಊರಿಗೆ ಹೊರಟವರು ಪಾತ್ರೆಗಳನ್ನು ತುಂಬಿಕೊಳ್ಳುತ್ತಿರುವಾಗ ಹಾದಿಯ ಕಂಬದ ದೀಪ ಹತ್ತಿತು. ಹುಡುಗನು ಅದನ್ನೇ ನೋಡುತ್ತ, “ಅಜ್ಜಾ, ಆ ದೀಪಕ್ಕ ಹೊಲದ ಕಡೆ ಒಂದು ತಗಡಿನ ಮರಿ ಮಾಡಿದ್ರ ಹೆಂಗ? ಹಾದಿಗೆ ಬೆಳಕು ಬೀಳ್ತದ, ಜ್ವಾಳಕ್ಕ ರಾತ್ರಿ ಆಗ್ತದ” ಎಂದನು.

“ಪಂಚಾಯತಿಗೆ ಒಂದು ಅರ್ಜಿ ಬರದು ಕೊಡು,” ಎಂದನು ಮುದುಕ. “ಬರೂ ವರ್ಷ ನೀನ ಬಂದು ಸೀತನಿ ತಿನ್ನೀಯಂತ.”